ಕಿಟಕಿಯಿಂದ ಕಂಡ ಮಳೆ

ಪುಷ್ಯ ಮಳೆ ಹಿಡಿದಾಗಲೆಲ್ಲ ನನಗೆ ಒಂದು ದೂರವಾಣಿ ಕರೆ ನೆನಪಾಗುತ್ತದೆ. 2005ರ ಜುಲೈ 26, ಮಂಗಳವಾರ. ಮಧ್ಯಾಹ್ನ ಎರಡೂವರೆಯ ಸುಮಾರಿಗೆ ನನ್ನಾಕೆ ಕಲೀನಾದ ಮನೆಯಿಂದ ಫೋರ್ಟಿನಲ್ಲಿದ್ದ ನನ್ನ ಕಚೇರಿಗೆ ಫೋನು ಮಾಡಿದಳು. "ರೀ, ಇಲ್ಲಿ ಕತ್ತಲು ಕವಿದು ಸುರಿಯುತ್ತಿದೆ. ಮಗಳ ಶಾಲೆಯ ಬಸ್ಸಿಗೆ ಕಾಯಲೋ, ನಾನೇ ಹೋಗಿ ಕರೆತರಲೋ?" ನಾನು ಕಿಟಕಿಯತ್ತ ನೋಡಿದೆ. ಹೊರಗೆ ತುಂತುರು ಹನಿ, ಜನ ಕೊಡೆ ಮಡಚಿಕೊಂಡೇ ರಸ್ತೆ ದಾಟುತ್ತಿದ್ದರು. "ಇಲ್ಲೇನೂ ಇಲ್ಲ ಮಾರಾಯ್ತಿ, ಇನ್ನರ್ಧ ಗಂಟೆಯಲ್ಲಿ ನಿಲ್ಲುತ್ತದೆ. ಬಸ್ಸು ಬರುತ್ತದೆ, ಕಾದಿರು" ಎಂದೆ. ಆಕೆ ನನ್ನ ಮಾತು ನಂಬಿ ಕಾದಳು.

ಬಸ್ಸು ಬರಲಿಲ್ಲ. ನಾಲ್ಕು ಗಂಟೆಯ ವೇಳೆಗೆ ನಮ್ಮ ಗಲ್ಲಿಯಲ್ಲಿ ನೀರು ಸೊಂಟದ ಮಟ್ಟಕ್ಕೆ ಏರಿತ್ತು. ಆಕೆ ಹೊರಡಬೇಕೆಂದರೂ ದಾರಿ ಇರಲಿಲ್ಲ. ಆಮೇಲೆ ಫೋನೂ ಸತ್ತಿತು. ಲೋಕಲ್ ರೈಲುಗಳು ನಿಂತ ಮೇಲೆ ನಾನು ನಡೆಯತೊಡಗಿದೆ. ದಾದರಿನ ತನಕ ಅದು ಪ್ರತಿ ಮಳೆಗಾಲದ ಮುಂಬಯಿಯೇ ಆಗಿತ್ತು. ಸಯಾನ್ ತಲುಪುವಷ್ಟರಲ್ಲಿ ಬೇರೊಂದು ಊರಿಗೆ ಬಂದಂತಾಯಿತು. ನೀರಿನೊಳಗೆ ಎಲ್ಲಿ ರಸ್ತೆ, ಎಲ್ಲಿ ಗಟಾರವೆಂದು ತಿಳಿಯದೆ, ಯಾರೋ ಅಪರಿಚಿತರು ಅಡ್ಡಲಾಗಿ ಹಿಡಿದ ಹಗ್ಗವನ್ನು ಹಿಡಿದು ನೂರಾರು ಜನ ಸಾಲಾಗಿ ಸಾಗುತ್ತಿದ್ದರು. ರಾತ್ರಿಯನ್ನು ಒಂದು ಮುಚ್ಚಿದ ಅಂಗಡಿಯ ಮೆಟ್ಟಿಲ ಮೇಲೆ ಕಳೆದು, ಮರುದಿನ ಬೆಳಿಗ್ಗೆ ಮನೆ ಮುಟ್ಟಿದೆ. ಏಳು ವರ್ಷದ ಮಗಳು ಶಾಲೆಯ ಎರಡನೆಯ ಮಹಡಿಯಲ್ಲಿ ಇತರ ಮಕ್ಕಳೊಂದಿಗೆ ರಾತ್ರಿ ಕಳೆದಿದ್ದಳು. ಒಂಬತ್ತು ಗಂಟೆಗೆ ಶಾಲೆಯ ಜವಾನರೊಬ್ಬರು ಅವಳನ್ನು ಹೆಗಲ ಮೇಲೆ ಕೂರಿಸಿಕೊಂಡು ಬಂದರು. ನಮಗೆ ಏನೂ ಆಗಲಿಲ್ಲ. ಆ ದಿನ ಮನೆಗೆ ಮರಳದವರು ಈ ನಗರದಲ್ಲಿ ನೂರಾರು ಮಂದಿ.

ಅಂಕಿಗಳು ಆಮೇಲೆ ತಿಳಿದವು. ಆ 24 ಗಂಟೆಗಳಲ್ಲಿ ಸಾಂತಾಕ್ರೂಜಿನ ಹವಾಮಾನ ಕೇಂದ್ರದಲ್ಲಿ ದಾಖಲಾದ ಮಳೆ 944 ಮಿಲಿಮೀಟರ್. ಕೊಲಾಬಾದಲ್ಲಿ 73. ಎರಡರ ನಡುವಿನ ಅಂತರ ಹೆಚ್ಚೆಂದರೆ 25 ಕಿಲೋಮೀಟರ್. ನಾನು ಕಿಟಕಿಯಿಂದ ಕಂಡದ್ದು ಸುಳ್ಳಲ್ಲ; ನನ್ನ ಕಿಟಕಿಗೆ ಕಲೀನಾ ಕಾಣುತ್ತಿರಲಿಲ್ಲ, ಅಷ್ಟೆ. ಆದರೆ ಕಾಣದ ಊರಿನ ಬಗ್ಗೆ ಅಷ್ಟು ಧೈರ್ಯವಾಗಿ ಮಾತಾಡಿದೆನಲ್ಲ, ಅದು ಇಂದಿಗೂ ಚುಚ್ಚುತ್ತದೆ. ನನ್ನಾಕೆ ಈ ವಿಷಯವನ್ನು ಒಮ್ಮೆಯೂ ಎತ್ತಿಲ್ಲ. ಎತ್ತಿದ್ದರೆ ಹಗುರಾಗುತ್ತಿತ್ತೇನೋ.

ನನಗೆ ಕಿಟಕಿಯೊಂದೇ ಇತ್ತು, ಆಕಾಶದಲ್ಲಿದ್ದ ಕಣ್ಣಿಗೇನಾಗಿತ್ತು ಎಂಬ ಪ್ರಶ್ನೆ ಆ ಮಳೆಗಾಲದಲ್ಲೇ ಹುಟ್ಟಿತು. ನಾನು ವಿಜ್ಞಾನಿಯಲ್ಲ, ಬ್ಯಾಂಕಿನ ಲೆಕ್ಕ ಬರೆದು ನಿವೃತ್ತನಾದವನು. ಆದರೂ ಆ ಕಣ್ಣಿನ ಪರಿಚಯ ನನಗೆ ಬಾಲ್ಯದ್ದು. ಹೈಸ್ಕೂಲು ಓದಲು ಹಾಸನದ ಚಿಕ್ಕಮ್ಮನ ಮನೆಯಲ್ಲಿದ್ದಾಗ, ಸಾಲಗಾಮೆ ರಸ್ತೆಯ ಕಡೆ ಬೃಹತ್ ತಟ್ಟೆಗಳಂಥ ಆಂಟೆನಾಗಳು ಎದ್ದಿದ್ದವು. 1982ರಲ್ಲಿ ಆರಂಭವಾದ ಇನ್ಸಾಟ್ ಉಪಗ್ರಹಗಳ ಮುಖ್ಯ ನಿಯಂತ್ರಣ ಕೇಂದ್ರವದು. ಮೊದಲನೆಯ ಇನ್ಸಾಟ್-1ಎ ಕೆಲವೇ ತಿಂಗಳಲ್ಲಿ ಕೈಕೊಟ್ಟಿತು. 1983ರ ಆಗಸ್ಟಿನಲ್ಲಿ ಅಮೆರಿಕದ ಚಾಲೆಂಜರ್ ನೌಕೆ ಹೊತ್ತೊಯ್ದ ಇನ್ಸಾಟ್-1ಬಿ ನಿಂತಿತು. ಅದರ ಮೋಡದ ಚಿತ್ರಗಳು ದೂರದರ್ಶನದ ವಾರ್ತೆಯ ಕೊನೆಗೆ ಬರುವಾಗ, ನಮ್ಮೂರಿನ ತಟ್ಟೆಯಿಂದಲೇ ಬಂದವೆಂಬಂತೆ ನಾವು ಹುಡುಗರು ಬೀಗುತ್ತಿದ್ದೆವು.

ನನ್ನ ಅಜ್ಜ ಮಾತ್ರ ಬೀಗಲಿಲ್ಲ. ಅವರು ಸಕಲೇಶಪುರದ ಕಡೆ ಕಾಫಿ ಎಸ್ಟೇಟೊಂದರಲ್ಲಿ ರೈಟರು. ಬಂಗಲೆಯ ಅಂಗಳದಲ್ಲಿದ್ದ ಮಳೆಮಾಪಕದ ನೀರನ್ನು ದಿನಾ ಬೆಳಿಗ್ಗೆ ಎಂಟಕ್ಕೆ ಗಾಜಿನ ಅಳತೆಗೆ ಸುರಿದು, ಇಂಚು ಮತ್ತು ಸೆಂಟುಗಳಲ್ಲಿ ಪುಸ್ತಕಕ್ಕೆ ಏರಿಸುವುದು ಅವರ ವ್ರತ. ರಜೆಗೆ ಹೋದಾಗ ನಾನು ಉಪಗ್ರಹದ ಪ್ರತಾಪ ಹೇಳಿದೆ. ಅವರು ಕನ್ನಡಕ ಸರಿಮಾಡಿಕೊಂಡು, "ಅದು ಮೋಡದ ನೆತ್ತಿ ನೋಡ್ತದೆ ಮಗ. ಮಳೆ ಬೀಳೋದು ಬುಡದಲ್ಲಿ" ಎಂದರು. ಹಳೆಯ ಕಾಲದವರ ಮೊಂಡುತನವೆಂದು ನಾನು ನಕ್ಕಿದ್ದೆ.

2005ರ ನಂತರ ಓದುತ್ತ ಹೋದ ಹಾಗೆ, ಅಜ್ಜನ ಆ ಮಾತೇ ಹವಾಮಾನ ಉಪಗ್ರಹಗಳ ಸಂಶೋಧನೆಯ ಒಂದು ದೊಡ್ಡ ತೊಡಕೆಂದು ತಿಳಿಯಿತು. ಸುಮಾರು 36,000 ಕಿಲೋಮೀಟರ್ ಎತ್ತರದಲ್ಲಿ, ಭೂಮಿಯೊಂದಿಗೆ ಸಮನಾಗಿ ಸುತ್ತುತ್ತ ನಮ್ಮ ತಲೆಯ ಮೇಲೆ ಅಲುಗದೆ ನಿಂತಂತೆ ತೋರುವ ಉಪಗ್ರಹಕ್ಕೆ ಹಗಲೂ ರಾತ್ರಿಯೂ ನಮ್ಮ ಮೋಡಗಳು ಕಾಣುತ್ತವೆ. ಅದು ಅವಕೆಂಪು ಕಿರಣಗಳಿಂದ ಮೋಡದ ನೆತ್ತಿಯ ಉಷ್ಣತೆಯನ್ನು ಅಳೆಯುತ್ತದೆ. ನೆತ್ತಿ ತಣ್ಣಗಿದ್ದಷ್ಟೂ ಮೋಡ ಎತ್ತರ, ಎತ್ತರವಿದ್ದಷ್ಟೂ ಮಳೆ ಜೋರು ಎಂಬುದು ಅಂದಾಜಿನ ಬುನಾದಿ. ಸಮುದ್ರದ ಮೇಲಿನ ಚಂಡಮಾರುತವನ್ನು ಗುರುತಿಸಿ ಹಿಂಬಾಲಿಸಲು ಇದಕ್ಕಿಂತ ಒಳ್ಳೆಯ ಕಾವಲುಗಾರ ಇನ್ನೊಬ್ಬನಿಲ್ಲ. 2013ರ ಫೈಲಿನ್ ಚಂಡಮಾರುತದ ಹೊತ್ತಿಗೆ ಒಡಿಶಾದ ಕರಾವಳಿಯಿಂದ ಲಕ್ಷಾಂತರ ಜನರನ್ನು ಮುಂಚಿತವಾಗಿ ತೆರವುಗೊಳಿಸಲು ಸಾಧ್ಯವಾದದ್ದರಲ್ಲಿ ಆ ಕಾವಲಿನ ಪಾಲು ಬಲು ದೊಡ್ಡದು.

ಆದರೆ ಪಶ್ಚಿಮ ಘಟ್ಟದ ಮೋಡಗಳು ಈ ಲೆಕ್ಕಕ್ಕೆ ಬಗ್ಗುವುದಿಲ್ಲ. ಅರಬ್ಬೀ ಸಮುದ್ರದ ತೇವದ ಗಾಳಿ ಬೆಟ್ಟಕ್ಕೆ ಬಡಿದು ಮೇಲೇರುವಾಗ, ಅಷ್ಟೇನೂ ಎತ್ತರವಿಲ್ಲದ, ನೆತ್ತಿ ಅಷ್ಟೇನೂ ತಣ್ಣಗಿಲ್ಲದ ಮೋಡವೂ ದಿನವಿಡೀ ಧಾರಾಕಾರ ಸುರಿಯಬಲ್ಲದು. ಆಗುಂಬೆಯನ್ನು ಬಲ್ಲ ಯಾರಿಗೂ ಇದು ಹೊಸತಲ್ಲ. ಅವಕೆಂಪು ಕಣ್ಣು ಇಂಥ ಮಳೆಯನ್ನು ಎಷ್ಟೋ ಸಲ ಕಡಿಮೆ ಎಣಿಸುತ್ತದೆ. ಅಜ್ಜನ ಪುಸ್ತಕದ ಇಂಚುಗಳಲ್ಲಿ ಎಷ್ಟು ಭಾಗ ಆ ಕಣ್ಣಿಗೆ ಬೀಳದೆ ಹೋಗಿರಬಹುದೋ!

ಮುಂಬಯಿಯ ಆ ದಿನ ಮೇಲಿದ್ದದ್ದು, ಇತರ ಉಪಗ್ರಹಗಳ ಜೊತೆ, 2002ರಲ್ಲಿ ಹಾರಿದ ಮೆಟ್‌ಸ್ಯಾಟ್. ಕಲ್ಪನಾ ಚಾವ್ಲಾ ತೀರಿಕೊಂಡ ಮೇಲೆ ಅದಕ್ಕೆ ಕಲ್ಪನಾ-1 ಎಂದು ಹೆಸರಿಟ್ಟರು. ಅದರ ಅವಕೆಂಪು ಚಿತ್ರದಲ್ಲಿ ಒಂದು ಚುಕ್ಕಿಯೆಂದರೆ ನೆಲದ ಮೇಲೆ ಎಂಟು ಕಿಲೋಮೀಟರ್. ಆ ಲೆಕ್ಕದಲ್ಲಿ ನನ್ನ ಕಚೇರಿಯಿಂದ ಮನೆ ಮೂರು ಚುಕ್ಕಿಗಳ ದೂರವೂ ಇಲ್ಲ. ಮೋಡದ ಒಳಗನ್ನು ನೆಲದಿಂದಲೇ ಸೋಸಿ ನೋಡುವ ಡಾಪ್ಲರ್ ರೇಡಾರ್ ಆಗ ಮುಂಬಯಿಗೆ ಇನ್ನೂ ಬಂದಿರಲಿಲ್ಲ.

ಒಳಗನ್ನು ಮೇಲಿನಿಂದಲೇ ನೋಡಲು ಒಂದು ದಾರಿಯಿದೆ: ಮೈಕ್ರೋವೇವ್. ಈ ತರಂಗಗಳು ಮೋಡವನ್ನು ತೂರಿ, ಮಳೆಹನಿ ಮತ್ತು ಹಿಮಕಣಗಳ ಸುದ್ದಿಯನ್ನೇ ತರುತ್ತವೆ. ತೊಡಕೇನೆಂದರೆ, 36,000 ಕಿಲೋಮೀಟರ್ ಎತ್ತರದಿಂದ ಸ್ಪಷ್ಟವಾಗಿ ನೋಡಬೇಕಾದರೆ ಸಾಗಿಸಲಾಗದಷ್ಟು ದೊಡ್ಡ ಆಂಟೆನಾ ಬೇಕು. ಹಾಗಾಗಿ ಇಂಥ ಉಪಕರಣಗಳು ಕೆಲವು ನೂರು ಕಿಲೋಮೀಟರ್ ಎತ್ತರದಲ್ಲೇ ಸುತ್ತಬೇಕು, ಒಂದೂರಿನ ಮೇಲೆ ದಿನಕ್ಕೆ ಕೆಲವೇ ಸಲ ಹಾದುಹೋಗಬೇಕು. ಸದಾ ನೋಡುವುದಕ್ಕೆ ಒಳಗು ಕಾಣದು. ಒಳಗು ಕಾಣುವುದು ಸದಾ ಇರದು. ಭಾರತ ಮತ್ತು ಫ್ರಾನ್ಸ್ ಕೂಡಿ 2011ರಲ್ಲಿ ಹಾರಿಸಿದ ಮೇಘಾ-ಟ್ರಾಪಿಕ್ಸ್ ಸಮಭಾಜಕದ ಆಚೀಚೆಗಷ್ಟೇ ವಾಲಿದ ಕಕ್ಷೆಯಲ್ಲಿ ಸುತ್ತುತ್ತ, ಉಷ್ಣವಲಯದ ನಮ್ಮನ್ನು ಹೆಚ್ಚು ಸಲ ನೋಡುವಂತೆ ಯೋಜಿತವಾಗಿತ್ತು. ಅದರ ಮುಖ್ಯ ಮಳೆಗಣ್ಣು 2013ರ ಆರಂಭದಲ್ಲೇ ನಿಂತುಹೋಯಿತು. ತೇವಾಂಶ ಅಳೆಯುವ ಇನ್ನೊಂದು ಉಪಕರಣ ವರ್ಷಗಟ್ಟಲೆ ದುಡಿಯಿತು. 2014ರಲ್ಲಿ ಅಮೆರಿಕ ಮತ್ತು ಜಪಾನ್ ಹಾರಿಸಿದ ಜಿಪಿಎಂ ಉಪಗ್ರಹದಲ್ಲಂತೂ ಮಳೆಯನ್ನು ಪದರ ಪದರವಾಗಿ ಅಳೆಯುವ ರೇಡಾರೇ ಇದೆ. ಇವೆಲ್ಲವನ್ನೂ ಹೆಣೆದು ಅರ್ಧ ಗಂಟೆಗೊಮ್ಮೆ ಜಗತ್ತಿನ ಮಳೆಯ ನಕ್ಷೆ ತಯಾರಾಗುತ್ತದೆ. ಹೆಣೆದ ಮೇಲೆ ಅದನ್ನು ನೆಲದ ಮಳೆಮಾಪಕಗಳ ಅಳತೆಗೆ ತಾಳೆ ನೋಡಿ ತಿದ್ದುತ್ತಾರೆಂದು ಓದಿದಾಗ ಅಜ್ಜನನ್ನು ನೆನೆದು ಒಬ್ಬನೇ ನಕ್ಕೆ. ಈ ಸಲದ ನಗು ಬೇರೆ.

ಭೂಸ್ಥಿರ ಕಣ್ಣೂ ಸೂಕ್ಷ್ಮವಾಗುತ್ತ ಬಂದಿದೆ. ಇನ್ಸಾಟ್-3ಡಿ ಫ್ರೆಂಚ್ ಗಯಾನಾದಿಂದ ಹಾರಿದಾಗ ಭಾರತದಲ್ಲಿ 2013ರ ಜುಲೈ 26ರ ನಸುಕು. ನಮ್ಮ ಆ ದಿನಕ್ಕೆ ಸರಿಯಾಗಿ ಎಂಟು ವರ್ಷ. ಯಾರೂ ಲೆಕ್ಕ ಹಾಕಿ ಆರಿಸಿದ ದಿನವಲ್ಲ, ಆದರೂ ನಾನು ಪತ್ರಿಕೆಯ ಆ ಸುದ್ದಿಯನ್ನು ಕತ್ತರಿಸಿಟ್ಟುಕೊಂಡೆ. ಅದರ ಅವಕೆಂಪು ಚುಕ್ಕಿ ನಾಲ್ಕು ಕಿಲೋಮೀಟರಿಗೆ ಇಳಿದಿತ್ತು. ಗಾಳಿಯ ಉಷ್ಣತೆ ಮತ್ತು ತೇವವನ್ನು ಬೇರೆ ಬೇರೆ ಎತ್ತರಗಳಲ್ಲಿ ಅಂದಾಜಿಸುವ ಸೌಂಡರ್ ಜೊತೆಗಿತ್ತು. 2016ರಲ್ಲಿ ಇನ್ಸಾಟ್-3ಡಿಆರ್, 2024ರ ಫೆಬ್ರುವರಿ 17ರಂದು ಇನ್ಸಾಟ್-3ಡಿಎಸ್ ಶ್ರೀಹರಿಕೋಟಾದಿಂದ ಹಾರಿದವು. ಅವುಗಳನ್ನು ಕಾಯುವ ಕೇಂದ್ರ ಇಂದಿಗೂ ಹಾಸನವೇ.

ಮಗಳು ಈಗ ಪುಣೆಯಲ್ಲಿದ್ದಾಳೆ. ಮಳೆಗಾಲದಲ್ಲಿ ಮನೆಗೆ ಹೊರಡುವ ಮುನ್ನ ಫೋನು ಮಾಡಿ, "ಅಪ್ಪಾ, ಮುಂಬಯಿಯಲ್ಲಿ ಮಳೆ ಹೇಗಿದೆ?" ಎಂದು ಕೇಳುತ್ತಾಳೆ. ನಾನು ಮುಂಬಯಿಯ ಮಾತೆತ್ತುವುದಿಲ್ಲ. ನಿವೃತ್ತನಾದ ವರ್ಷ ನಮ್ಮ ಕಟ್ಟಡದ ತಾರಸಿಯ ಮೇಲೊಂದು ಮಳೆಮಾಪಕ ಇಟ್ಟಿದ್ದೇನೆ. "ಕಲೀನಾದ ನಮ್ಮ ತಾರಸಿಯ ಮೇಲೆ ಬೆಳಿಗ್ಗೆ ಎಂಟೂವರೆಯವರೆಗೆ 62 ಮಿಲಿಮೀಟರ್" ಎನ್ನುತ್ತೇನೆ. "ಲೋಣಾವಳದ ಘಾಟಿನಲ್ಲಿ?" ಎಂದರೆ, "ಅದು ನನಗೆ ಗೊತ್ತಿಲ್ಲ ಮಗಳೇ, ರೇಡಾರಿನ ಚಿತ್ರ ನೋಡಿಕೊಂಡು ಹೊರಡು" ಎನ್ನುತ್ತೇನೆ. ಅಡುಗೆಮನೆಯಿಂದ ನನ್ನಾಕೆ ಇದನ್ನೆಲ್ಲ ಕೇಳಿಸಿಕೊಳ್ಳುತ್ತಿರುತ್ತಾಳೆ.