'ಅವರು'

ಈಗಷ್ಟೇ ಅಮ್ಮನ ಫೋನು. 'ಯಾರ ಜೊತೆ ಊಟ ಮಾಡಿದ್ಯೋ?' ಅಂದ್ಲು. 'ಅವರು ಬಂದಿದ್ರಮ್ಮ' ಅಂದೆ. ಇಟ್ಟಮೇಲೆ ಹೊಳೀತು: ಈ 'ಅವರು' ಎಷ್ಟು ವರ್ಷದಿಂದ ನನ್ನನ್ನ ಕಾಪಾಡ್ಕೊಂಡು ಬಂದಿದೆ! ಗಂಡೋ ಹೆಣ್ಣೋ ಬಿಟ್ಟುಕೊಡಲ್ಲ, ಮೇಲಿಂದ ಮರ್ಯಾದೆ ಬೇರೆ. ಕಥೆಗಳಲ್ಲೂ ಅದನ್ನೇ ಮಾಡಿದ್ದೀನಿ. ಓದಿದವರು 'ಎಂಥಾ ಸಂಯಮ' ಅಂದ್ರು, ಪಾಪ.

ವಸುಧೇಂದ್ರರ ಗೇ ಬದುಕಿನ ಕಥೆಗಳು, 'ಮೋಹನಸ್ವಾಮಿ', ಬಂದಿದ್ದು 2013ರಲ್ಲಿ. ಗೇ ಸಂಬಂಧವನ್ನ ಅಪರಾಧ ಅಂತಿದ್ದ ಸೆಕ್ಷನ್ 377ರ ಭಯವನ್ನ ಸುಪ್ರೀಂ ಕೋರ್ಟು ತೆಗೆದದ್ದು 2018ರಲ್ಲಿ. ನಾನಿನ್ನೂ 'ಅವನು ಬಂದ' ಅಂತ ಬರೆದು ಅಳಿಸ್ತಾ ಕೂತಿದ್ದೀನಿ. ಸಾಹಿತಿಗಳ ನಡುವೆ ಬಾಯಿ ಬಿಡದ ಗೇ. ಗೇ ಗೆಳೆಯರ ಇಂಗ್ಲಿಷ್ ಹರಟೆಯಲ್ಲಿ 'ಕನ್ನಡ ರೈಟರ್'. ಎರಡೂ ಕಡೆ ಬಾಗಿಲ ಹತ್ತಿರದ ಕುರ್ಚಿಯೇ.

ನಿಮಗೂ ಇಂಥ 'ಅವರು' ಇದ್ದಾರಾ?