ಹಿತ್ತಲಿನ ತಂತಿ

ಪರವಾನಗಿ ದೊರೆತ ಮೇಲೆ, ಮೆನ್ಲೋ ಪಾರ್ಕಿನ ನಮ್ಮ ಮನೆಯ ಹಿತ್ತಲಿನಲ್ಲಿ ಹ್ಯಾಮ್ ರೇಡಿಯೋಗಾಗಿ ತಂತಿಯ ಆಂಟೆನಾ ಕಟ್ಟಿದೆವು. ಒಂದು ತುದಿ ಓಕ್ ಮರಕ್ಕೆ, ಇನ್ನೊಂದು ಸೂರಿಗೆ. 20 ಮೀಟರ್ ಬ್ಯಾಂಡಿಗೆ ಅರ್ಧ ತರಂಗದಷ್ಟು, ಅಂದರೆ ಸುಮಾರು 33 ಅಡಿ ಉದ್ದ. ನಟ್ಟನಡುವೆ ತುಂಡರಿಸಿ ಕೇಬಲ್ ಬೆಸೆದೆವು. ನೆರೆಯವರು ಬಟ್ಟೆ ಒಣಗಿಸುವ ಹಗ್ಗವೆಂದೇ ಬಗೆದರು.

1989ರ ಅಕ್ಟೋಬರ್ 17ರಂದು ಲೋಮಾ ಪ್ರಿಯೆಟಾ ಭೂಕಂಪವಾಗಿ ದೂರವಾಣಿ ಕರೆಗಳು ಸಿಗದಾದಾಗ, ಸುದ್ದಿ ಮುಟ್ಟಿಸಿದವರಲ್ಲಿ ಹ್ಯಾಮ್ ಹವ್ಯಾಸಿಗಳೂ ಇದ್ದರು. ಅಂಥ ದಿನ ಮರಳಿದರೆ ಬ್ಯಾಟರಿ, ರೇಡಿಯೋ, ಈ ತಂತಿ ನಮಗಿವೆ. ಟೆಕ್ಸಾಸಿನ ಹವ್ಯಾಸಿ ಯಾರಾದರೂ ನಮ್ಮ ದನಿ ಕೇಳಿ, ಅಲ್ಲಿರುವ ತಮ್ಮನಿಗೆ ತಿಳಿಸಿಯಾರು. ತಮ್ಮ, ಧಾರವಾಡದ ಅಮ್ಮನಿಗೆ.

ಮೊದಲ ಸಂಜೆಯೇ ಟೆಕ್ಸಾಸಿನಿಂದ ಉತ್ತರ ಬಂದಿತು. ಅಮ್ಮನಿಗೆ ಫೋನಿನಲ್ಲಿ ಹೇಳಿದೆವು. “ಮಳಿ-ಗಾಳಿಗೆ ಆ ತಂತಿ ತಡೀತದೇನು?” ಎಂದಷ್ಟೇ ಕೇಳಿದರು. ಮರುದಿನ ಗಂಟುಗಳನ್ನು ಮತ್ತೆ ಬಿಗಿದೆವು.