ಕೆಳಗೆ ಒತ್ತಿದರೆ ಮೇಲೆ

ಕೆಲವು ವಿದ್ಯೆಗಳನ್ನು ಬಾಯಿಮಾತಿನಲ್ಲಿ ಕಲಿಸಲು ಬರುವುದಿಲ್ಲ. ಹೋಳಿಗೆ ತಟ್ಟುವುದು, ಸೈಕಲ್ ತುಳಿಯುವುದು, ಬಾವಿಯಲ್ಲಿ ಈಜುವುದು ಈ ಜಾತಿಯವು. ಈ ಪಟ್ಟಿಗೆ ನಾನು ಇನ್ನೊಂದನ್ನು ಸೇರಿಸುತ್ತೇನೆ. ಹಿರಿಯರು ನಕ್ಕರೆ ನನ್ನ ಅಭ್ಯಂತರವಿಲ್ಲ. ಅದರ ಹೆಸರು ಶೊರ್ಯೂಕೆನ್.

ಇದು ಜಪಾನೀ ಮಾತು. ಮೇಲೇರುವ ಡ್ರ್ಯಾಗನ್ನಿನ ಮುಷ್ಟಿ ಎಂದರ್ಥ. 1987ರಲ್ಲಿ ಜಪಾನಿನ ಕ್ಯಾಪ್‌ಕಾಮ್ ಕಂಪನಿ ಹೊರತಂದ 'ಸ್ಟ್ರೀಟ್ ಫೈಟರ್' ಎಂಬ ವಿಡಿಯೊ ಗೇಮಿನಲ್ಲಿ ರ್ಯು ಮತ್ತು ಕೆನ್ ಎಂಬ ಇಬ್ಬರು ಜಟ್ಟಿಗಳಿದ್ದಾರೆ. ಮುಷ್ಟಿಯನ್ನು ಕೆಳಗಿನಿಂದ ಎದುರಾಳಿಯ ಗದ್ದಕ್ಕೆ ಎತ್ತಿ, ಅದರ ಬೆನ್ನಿಗೇ ತಾವೂ ನೆಲಬಿಟ್ಟು ಏಳುವುದು ಇವರ ಹೊಡೆತ. ಆ ಮೊದಲ ಆಟದಲ್ಲಿ ಇದು ಗುಟ್ಟಿನ ವಿದ್ಯೆಯಾಗಿತ್ತು. ಹೊರಡುವುದೇ ಕಷ್ಟ, ಹೊರಟು ತಾಗಿತೋ, ಎದುರಾಳಿಯ ಕಥೆ ಮುಗಿದಂತೆಯೇ. 1991ರಲ್ಲಿ ಎರಡನೆಯ ಸ್ಟ್ರೀಟ್ ಫೈಟರ್ ಬಂದ ಮೇಲೆ ಅದು ಲೋಕದ ಹುಡುಗರ ಬಾಯಲ್ಲೆಲ್ಲ ನಲಿಯಿತು.

ನನಗೆ ಅದರ ಪರಿಚಯವಾದದ್ದು ಬಹಳ ತಡವಾಗಿ. ಮಗ ದ್ವಿತೀಯ ಪಿಯುಸಿಯಲ್ಲಿ ಒಂದು ವಿಷಯದಲ್ಲಿ ನಪಾಸಾಗಿದ್ದ. ಮನೆಯಲ್ಲಿ ನಮ್ಮಿಬ್ಬರ ಮಾತು "ಊಟಕ್ಕೆ ಬಾ", "ಹೂಂ" ಎಂಬಲ್ಲಿಗೆ ಬಂದು ನಿಂತಿತ್ತು. ಅವನು ಗೆಳೆಯನಿಂದ ತಂದ ಆಟದ ಪೆಟ್ಟಿಗೆಯನ್ನು ಟೀವಿಗೆ ಸಿಕ್ಕಿಸಿಕೊಂಡು ಕೂತಿರುತ್ತಿದ್ದ. ಒಂದು ಸಂಜೆ ಸುಮ್ಮನೆ ಪಕ್ಕದಲ್ಲಿ ಕೂತೆ.

"ಅದೇನೋ, ಆ ಹಾರಿ ಗುದ್ದೋದು?" ಎಂದೆ.

ಉತ್ತರ ಬರಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಕಂಟ್ರೋಲರೇ ನನ್ನ ಕೈಗೆ ಬಂತು. ಮುಂದಕ್ಕೆ, ಕೆಳಕ್ಕೆ, ಆಮೇಲೆ ಅವೆರಡರ ನಡುವಿನ ಮೂಲೆಗೆ. ಅದೇ ಕ್ಷಣಕ್ಕೆ ಗುದ್ದಿನ ಗುಂಡಿ. ಹೇಳುವುದಕ್ಕೆ ಇಷ್ಟೇ. ನನ್ನ ಹೆಬ್ಬೆರಳು ಮಾತ್ರ ಪ್ರತಿಸಲವೂ ಮೇಲಕ್ಕೇ ಹೋಗುತ್ತಿತ್ತು. ರ್ಯು ಕಪ್ಪೆಯಂತೆ ಕುಪ್ಪಳಿಸಿ ಒದೆ ತಿನ್ನುತ್ತಿದ್ದ. ಮಗ ತನ್ನ ಹೆಬ್ಬೆರಳನ್ನು ನನ್ನದರ ಮೇಲಿಟ್ಟ.

"ಮೇಲಕ್ಕೆ ಒತ್ತಲೇಬೇಡಪ್ಪ. ಕೆಳಗೆ ಒತ್ತಿದ್ರೇನೇ ಅವನು ಮೇಲೆ ಏಳೋದು."

ಎಷ್ಟೋ ವಾರಗಳಿಂದ ಅವನ ಬಾಯಲ್ಲಿ ಅಷ್ಟುದ್ದದ ವಾಕ್ಯ ಕೇಳಿರಲಿಲ್ಲ.

ಈ ಹೊಡೆತದಲ್ಲಿ ಇನ್ನೊಂದು ಸ್ವಾರಸ್ಯವಿದೆ. ಏಳುವ ಮೊದಲ ಕ್ಷಣದಲ್ಲಿ ಸಾಮಾನ್ಯವಾಗಿ ಎದುರಾಳಿಯ ಏಟು ತಾಗುವುದಿಲ್ಲ. ಆದರೆ ಗುರಿ ತಪ್ಪಿದರೆ ಮುಗಿಯಿತು. ಕೆಳಗಿಳಿಯುವವರೆಗೆ ಕೈಕಾಲು ಆಡಿಸುವಂತಿಲ್ಲ, ಎದುರಿನವನು ಕಾದು ನಿಂತು ಬಡಿಯುತ್ತಾನೆ. ಆದ್ದರಿಂದ ಬಲ್ಲವರು ಅದನ್ನು ಎದುರಾಳಿ ತಾನಾಗಿ ಮೇಲೆ ಹಾರಿ ಬರುವವರೆಗೆ ತಡೆದಿಟ್ಟುಕೊಳ್ಳುತ್ತಾರೆ. ಥಾಯ್ ಜಟ್ಟಿ ಸಗಾಟ್‌ನ ಎದೆಯ ಮೇಲಿನ ಉದ್ದನೆಯ ಗಾಯದ ಗುರುತು ರ್ಯುವಿನ ಈ ಮುಷ್ಟಿಯದೇ. 1991ರ ಆಟದಲ್ಲಿ ಅವನೂ ಹುಲಿಯ ಹೆಸರಿನ ಇಂಥದೇ ಏಳುವ ಹೊಡೆತದೊಂದಿಗೆ ಬರುತ್ತಾನೆ. ತನ್ನನ್ನು ಕೆಡವಿದ್ದನ್ನೇ ಕಲಿತವನ ಹಾಗೆ.

ಇದರ ಗುರುವಿನ ಕಥೆಯಂತೂ ತಮಾಷೆಯದು. ಆಟ ಇಂಗ್ಲಿಷಿಗೆ ಹೋಗುವಾಗ ರ್ಯುವಿನ ಒಂದು ಮಾತಿನಲ್ಲಿ 'ಶೊರ್ಯೂ' ಎಂಬ ಅಕ್ಷರಗಳನ್ನು ಚೀನೀ ಉಚ್ಚಾರದಲ್ಲಿ 'ಷೆಂಗ್ ಲಾಂಗ್' ಎಂದು ಓದಿದರು. ಹೊಡೆತದ ಹೆಸರು ಮನುಷ್ಯನ ಹೆಸರಿನಂತೆ ಕೇಳಿಸಿತು. ಅವನೇ ಗುರುವಿರಬೇಕೆಂದು ಆಟಗಾರರು ಹುಡುಕತೊಡಗಿದರು. 1992ರ ಏಪ್ರಿಲ್‌ನಲ್ಲಿ 'ಎಲೆಕ್ಟ್ರಾನಿಕ್ ಗೇಮಿಂಗ್ ಮಂತ್ಲಿ' ಎಂಬ ಅಮೆರಿಕದ ಪತ್ರಿಕೆ ಅವನನ್ನು ಕಾಣುವ ಉಪಾಯವನ್ನೂ ಅಚ್ಚುಮಾಡಿತು. ಅದು ಏಪ್ರಿಲ್ ಫೂಲ್ ಎಂದು ತಿಳಿಯದೆ ನಾಣ್ಯ ಸುರಿದವರು ಎಷ್ಟೋ ಮಂದಿ.

ಇಲ್ಲದ ಗುರುವನ್ನು ಅವರು ಪರದೆಯೊಳಗೆ ಹುಡುಕುತ್ತಿದ್ದರು. ವಿದ್ಯೆ ಮಾತ್ರ ಪಕ್ಕದಲ್ಲಿ ನಿಂತವನ ಮಣಿಕಟ್ಟನ್ನು ನೋಡಿ ನೋಡಿ ಕೈಯಿಂದ ಕೈಗೆ ದಾಟುತ್ತಿತ್ತು.

ನನಗೆ ಈಗಲೂ ಹತ್ತರಲ್ಲಿ ಮೂರು ಸಲ ಬರುತ್ತದೆ. ಪೂರಕ ಪರೀಕ್ಷೆಯ ಅರ್ಜಿಯ ಮಾತನ್ನು ಕೆಲವು ದಿನಗಳ ನಂತರ ಮಗನೇ ಎತ್ತಿದ. ಟೀವಿಯಿಂದ ಕಣ್ಣು ತೆಗೆಯದೆ, "ನಾಳೆ ಕಾಲೇಜಿಗೆ ಜೊತೇಲಿ ಬರ್ತೀಯೇನಪ್ಪ?" ಎಂದು ಕೇಳಿದ.